ಮೊದಲ ನಮ್ಮ ಮಂದಿ

ಹಾಸ್ಟೆಲ್, ಕಲಬುರಗಿ
೯ ನವೆಂಬರ್

ಅಪ್ಪಾ,

ಕಾಗದ ನೋಡಿ ಗಾಬರಿ ಆಗಬೇಡಿ, ಆರಾಮ ಇದೀನಿ. ಕೈಯಲ್ಲಿ ಫೋನ್ ಇದ್ದೂ ಇವಳು ಪೋಸ್ಟಿಗೆ ಯಾಕೆ ಹೋದಳು ಅಂತ ಅವ್ವ ಕೇಳ್ತಾಳೆ, ಗೊತ್ತು. ಹೋದ ತಿಂಗಳು ನಿಮಗೆ ತಮಾಷೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದ್ದೆ, "ನಿಮ್ಮ ಹೊಸ ಲೀಡರ್ ಕಲ್ಯಾಣಣ್ಣಗೆ ನಂದೂ ಒಂದು ಜೈ ಹೇಳ್ರಿ" ಅಂತ. ನೀವು ಅದನ್ನ ಅವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿರಿ. ಈಗ ಮುಖ ನೋಡದ ಗಂಡಸರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಫೋಟೋ ಕಳಿಸಿ "ಶುಭೋದಯ ತಂಗಿ" ಅಂತಾರೆ. ಬ್ಲಾಕ್ ಮಾಡಿ ಮಾಡಿ ಸಾಕಾಯ್ತು. ಕಾಗದವನ್ನಾದರೂ ಫಾರ್ವರ್ಡ್ ಮಾಡೋಕೆ ಆಗಲ್ಲ ಅಂದುಕೊಂಡು ಬರೀತಿದೀನಿ. ಆರನೇ ಕ್ಲಾಸಿಂದ ಹಾಸ್ಟೆಲ್ ಅನ್ನ ತಿಂದು ನನ್ನ ಮಾತು ಅರ್ಧ ಇಂಗ್ಲಿಷು, ಅರ್ಧ ಪುಸ್ತಕ ಆಗಿದೆ. ನಗಬೇಡಿ.

ನರ್ಸಿಂಗ್ ಅಂದರೆ ಬಿಳಿ ಡ್ರೆಸ್ ಅಂದುಕೊಂಡಿದ್ದೆ. ಈಗ ನಮ್ಮನ್ನ ವಾರ್ಡಿಗೆ ಹಾಕಿದಾರೆ. ಒಂದು ಬೆಡ್ಡಿಗೆ ಇಬ್ಬರು ಪೇಷಂಟ್. ಗ್ಲೌಸ್ ತೊಳೆದು ಕಿಟಕಿಗೆ ಒಣಹಾಕಿ ಮತ್ತೆ ಅವನ್ನೇ ಹಾಕಿಕೊಳ್ಳೋದು. ಕೆಲವು ಸಿಸ್ಟರ್‌ಗಳು ಹೆರಿಗೆಗೆ ಬಂದವರಿಗೆ ಬಾಯಿಗೆ ಬಂದಂಗೆ ಬೈತಾರೆ. ನನ್ನ ಕೈ ನಡುಗುತ್ತೆ ಅಂತ ನನಗೂ ಬೈತಾರೆ. ಬೆಳಿಗ್ಗೆ ಎದ್ದರೆ ಎದೆ ಡಬಡಬ ಅನ್ನುತ್ತೆ, ಯಾಕೆ ಅಂತ ಗೊತ್ತಾಗಲ್ಲ.

ಆಗೆಲ್ಲ ನಮ್ಮೂರ ಆರೋಗ್ಯ ಸಬ್ ಸೆಂಟರಿನ ಸಿಸ್ಟರ್ ಮಸರತ ಅಕ್ಕನ್ನ ನೆನೆಸಿಕೊಳ್ತೀನಿ. ಅವರು ಯಾರಿಗೂ ಹಂಗೆ ಅಂದವರಲ್ಲ. ಪಿಯುಸಿ ಆದ ಮೇಲೆ ನಮ್ಮ ಅಡಿಗೆಮನೆಯಲ್ಲಿ ಕೂತು ಅವ್ವನ ಜೊತೆ ಜಗಳ ಆಡಿ ನನ್ನನ್ನ ಇಲ್ಲಿಗೆ ಕಳಿಸಿದವರು ಅವರೇ ಅಲ್ವಾ. ಅವರ ಹಂಗೆ ಆಗಬೇಕು ಅಂತಲೇ ಇನ್ನೂ ಓಡಿಹೋಗದೆ ಇದೀನಿ.

ಒಂದು ಕೇಳಲಾ? ನಾನು ಹುಟ್ಟೋಕೆ ಮುಂಚಿಂದ ನೀವು ಅದೇ ಪಾರ್ಟಿ. ಎಲೆಕ್ಷನ್ ಬಂತು ಅಂದರೆ ಅಫಜಲಪುರ, ಆಳಂದ, ಜೇವರ್ಗಿ, ಎಲ್ಲಿ ನೋಡಿದರೂ ಆಟೋದ ಮೇಲಿನ ಮೈಕಿನಲ್ಲಿ ನಿಮ್ಮ ದನಿ. ಸ್ಕೂಲಿನಲ್ಲಿ ನಾನು ಕಿಟಕಿಗೆ ಓಡಿ "ಅದು ನಮ್ಮಪ್ಪ" ಅಂತ ತೋರಿಸ್ತಿದ್ದೆ. ಈಗ ಆಟೋದಿಂದ ಆ ಬಾವುಟ ಕಿತ್ತು ಹಾಕಿದಿರಂತೆ. ಅವ್ವ ಹೇಳಿದಳು. ಯಾಕೆ ಅಪ್ಪಾ? ಬರೋ ಜಿಲ್ಲಾ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ನಂದು ಮೊದಲನೇ ವೋಟು. ಕೇಳಿ ತಿಳಿದುಕೊಳ್ಳಬೇಕು ಅಷ್ಟೇ.

ನಿಮ್ಮ
ವಿಜಿ


ಕರಜಗಿ ಅಂಚೆ
೨೦ ನವೆಂಬರ್

ವಿಜಿ ಅವ್ವಾ,

ನಿನ್ನ ಕಾಗದ ಮುಟ್ಟಿತು. ಟಪಾಲಿನ ಭಗವಂತ ಓಣಿ ತುಂಬ ಒದರಿ ಕೊಟ್ಟ. "ಧರ್ಮಣ್ಣಾ, ಹೆದರಬ್ಯಾಡ, ನೋಟೀಸ್ ಅಲ್ಲೋ, ಮಗಳ ಕಾಗದ!" ಅಂದ. ನಿಮ್ಮವ್ವ ಎರಡು ಸಲ ಓದಿಸಿಕೊಂಡ್ಲು. ಎದಿ ಡಬಡಬ ಅಂತದ ಅಂದಲ್ಲಿ ಸೆರಗು ಕಣ್ಣಿಗಿ ಹಚ್ಚಿದ್ಲು. ಮುಂಜಾನಿ ಏನರೆ ತಿಂದು ಹೋಗು ಅಂತ ಹೇಳ್ಯಾಳ.

ಪಾರ್ಟಿ ಯಾಕ ಬಿಟ್ಟಿ ಅಂತ ಕೇಳೀದಿ. ನಿನಗ ಹೊಳಿ ಸೇತುವೆ ಗೊತ್ತದಲ್ಲ? ಗೊತ್ತಿಲ್ಲ. ಯಾಕಂದ್ರ ಅದು ಇಲ್ಲ. ಆದ್ರ ಪ್ರತಿ ಎಲೆಕ್ಷನ್ನಿಗಿ ನಾ ಅದನ್ನ ನನ್ನ ಬಾಯಿಂದ ಕಟ್ಟೇನಿ. "ಈ ಸಲ ಗೆದ್ದರ ಸೇತುವೆ ಖಾತ್ರಿ ಬಾಂಧವರೇ!" ಪಾರ್ಟಿಯವರು ಬರದು ಕೊಡ್ತಿದ್ರು, ನಾ ಓದ್ತಿದ್ದೆ. ಒಂದು ದಿನ ನಮ್ಮ ಓಣಿ ನಿಂಬೆವ್ವ ಸಂತಿ ಚೀಲ ತಲಿ ಮ್ಯಾಲ ಇಟ್ಟುಕೊಂಡು ಕೇಳಿದ್ಲು. "ಏನೋ ಧರ್ಮಣ್ಣಾ, ಹೊಳಿಗಿ ನೀರು ಬಂದದ. ನಿನ್ನ ಸೇತುವೆ ಮ್ಯಾಲಿಂದ ಹೋಗ್ಲೋ, ಈಸಿ ಹೋಗ್ಲೋ?" ನಿನ್ನ ಸೇತುವೆ ಅಂದ್ಲು ನೋಡು. ಲೀಡರನ ಸೇತುವೆ ಅನ್ನಲಿಲ್ಲ.

ಆಮ್ಯಾಲ ಆ ಲೀಡರ ಇನ್ನೊಂದು ಪಾರ್ಟಿಗಿ ಜಿಗದ. ಅಲ್ಲಿಂದನೂ ನನಗ ಮೈಕಿಗಿ ಕರದ್ರು. ಓದಾಕ ಕೊಟ್ಟರು. ಅದೇ ಸೇತುವೆ! ಗುರುತು ಒಂದು ಬದಲಿ. ಓದಿದೆ. ಸಭಾ ಮುಗದ ಮ್ಯಾಲ ಬಂಗಲೆದಾಗ ಚಾ ಕುಡಿಯಾಕ ಕೂತಿದ್ವಿ. ಲೀಡರ ನನ್ನ ಕಡೆ ನೋಡಿ ಬಾಜೂಕಿನವನಿಗಿ "ಇಂವ ಯಾರು?" ಅಂದ. "ಮೈಕಿನಂವ್ರಿ" ಅಂದ ಅಂವ. ಅಷ್ಟು ವರ್ಷ ಅವನ ಹೆಸರು ಒದರಿದ್ದೆ ವಿಜಿ. ನನ್ನ ಹೆಸರು ಅವಗ ಬೇಕೇ ಆಗಿಲ್ಲ.

ಕಲ್ಯಾಣಕುಮಾರ ಆಳಂದ ಕಡೆಯಂವ. ಟ್ರ್ಯಾಕ್ಟರ್ ಬಾಡಿಗಿ ವ್ಯಾಪಾರ, ಭೂಸನೂರ ಸಕ್ರಿ ಕಾರ್ಖಾನಿಗಿ ಕಬ್ಬು ಹೊಡಸ್ತಾನ. ನಮ್ಮ ಮನಿಗಿ ಬಂದಾಗ ಖುರ್ಚಿ ಹಾಕಿದ್ರ ಕೂಡಲಿಲ್ಲ, ಹೊಸ್ತಲದಾಗ ಕುಂತ. ನಿಮ್ಮವ್ವನ ಹತ್ರ ತಾನೇ ಇನ್ನೊಂದು ರೊಟ್ಟಿ ಕೇಳಿ ತಿಂದ. "ಧರ್ಮಣ್ಣ, ಮೂರು ತಾಲೂಕಿಗಿ ನಿನ್ನ ದನಿ ಗೊತ್ತು, ನಿನ್ನ ಮಾರಿ ಯಾಕ ಗೊತ್ತಿಲ್ಲ?" ಅಂದ. ನನಗ ಯಾರೂ ಹಂಗ ಕೇಳಿದ್ದಿಲ್ಲ. ಈಗ ಅವನ 'ನೇರಾನೇರ' ಲೈವಿಗಿ ಮೊಬೈಲ್ ಹಿಡಿಯಂವ ನಾನೇ, ಹಿಂದಿಂದ ಮಾತು ಹೇಳಂವನೂ ನಾನೇ. ಹೋದ ವಾರ ನೀರಿನ ಮೋಟರ್ ಸುಟ್ಟು ಬಿದ್ದಿತ್ತು. ಪಂಚಾಯ್ತಿ ಮುಂದ ಲೈವ್ ಹಚ್ಚಿದ, ಸಂಜಿಗಿ ನಳದಾಗ ನೀರು ಬಂತು. ಎರಡೂ ಪಾರ್ಟಿಗಿ ಅದು ಆಗಿದ್ದಿಲ್ಲ. ಅಂವ ಜಾತಿ ಮಾತಾಡಂಗಿಲ್ಲ, ಧರ್ಮ ಮಾತಾಡಂಗಿಲ್ಲ. ಕಳ್ಳರು ಒಂದು ಕಡೆ, ಮಂದಿ ಒಂದು ಕಡೆ ಅಂತಾನ.

ನಿನ್ನ ಕಾಗದನೂ ಅವಗ ತೋರಿಸಿದೆ. ದವಾಖಾನಿ ಬಗ್ಗೆ ಬರದದ್ದು ಓದಿ "ಮಗಳು ಭಾಳ ಶಾಣ್ಯಾ ಅದಾಳ" ಅಂದ. ಮೊಬೈಲಿನಾಗ ಫೋಟೋ ತಕ್ಕೊಂಡ. ನಿನ್ನ ಮಾತು ನಾಕು ಮಂದಿಗಿ ಉಪಯೋಗ ಆದ್ರ ಛಲೋನೇ ಅಲ್ಲೇನು?

ಫಿಕರ್ ಮಾಡಬ್ಯಾಡ.

ನಿಮ್ಮಪ್ಪ
ಧರ್ಮಣ್ಣ


ಹಾಸ್ಟೆಲ್, ಕಲಬುರಗಿ
೪ ಡಿಸೆಂಬರ್

ಅಪ್ಪಾ,

ನಿನ್ನೆ ಮೆಸ್ಸಿನಲ್ಲಿ ಪಕ್ಕದ ಟೇಬಲಿನ ಹುಡುಗಿಯ ಮೊಬೈಲಿನಿಂದ ನಿಮ್ಮ ದನಿ ಬಂತು. ಮೊದಲು ನನಗೆ ಖುಷಿಯೇ ಆಯ್ತು, ಎಂಜಲು ಕೈಯಲ್ಲೇ ಎದ್ದು ಹೋದೆ. "ಬಾಂಧವರೇ, ಸರಕಾರದ ಪಗಾರ ತಿನ್ನೋ ಈ ಸಿಸ್ಟರ್ ಏನಂತಾರ ನೀವೇ ಕೇಳ್ರಿ" ಅಂತ ನೀವು. ಆಮೇಲೆ ಸಬ್ ಸೆಂಟರಿನ ಬಾಗಿಲು. ಮಸರತ ಅಕ್ಕ ಗ್ಲೌಸ್ ಹಾಕಿದ ಎರಡೂ ಕೈ ಎತ್ತಿ ಹಿಡಿದು, "ಮೊದಲ ನಮ್ಮ ಮಂದಿ, ಆಮ್ಯಾಲ ನೀವು!" ಅಂತಾರೆ. ಮತ್ತೆ ಅದೇ. ಮತ್ತೆ ಅದೇ. ಹಿಂದೆ ಸಿನಿಮಾ ವಿಲನ್ ಬರೋ ಹಂಗೆ ಮ್ಯೂಸಿಕ್. ಕೊನೆಗೆ ನೀವೇ: "ಇವರ ಮಂದಿ ಯಾರು? ತೀರ್ಮಾನ ನಿಮಗ ಬಿಟ್ಟದ್ದು ಬಾಂಧವರೇ."

ಆ ಹುಡುಗಿ ಅಂದಳು, "ನೋಡೇ, ನಿಮ್ಮ ಕಡೆ ಸಿಸ್ಟರ್ ಅಂತೆ. ಎಷ್ಟು ಸೊಕ್ಕು! ಓಪನ್ನಾಗಿ ಹೇಳ್ತಾಳಲ್ಲ, ಅವರವರಿಗೇ ಮೊದಲು ಅಂತ." ಕೆಳಗೆ ಕಾಮೆಂಟು ಓದಿದೆ. ಅದನ್ನ ಇಲ್ಲಿ ಬರೆಯಲ್ಲ. ಅವರ ಮುಸ್ಲಿಂ ಹೆಸರು ನೋಡಿದ ಮೇಲೆ ಜನಕ್ಕೆ ಬೇರೆ ಅರ್ಥವೇ ಬೇಡವಾಗಿದೆ.

ಅಪ್ಪಾ, ಹಾಸ್ಟೆಲಲ್ಲಿ "ನಿಮ್ಮ ಮಂದಿ ಯಾವುದು" ಅಂದರೆ ಜಾತಿ ಕೇಳ್ತಿದಾರೆ ಅಂತ. ಇದು ನನಗೆ ಆರನೇ ಕ್ಲಾಸಿನಲ್ಲೇ ಗೊತ್ತಾಯ್ತು. ಆದರೆ ನಮ್ಮ ಓಣಿಯಲ್ಲಿ ಹಂಗಲ್ಲವಲ್ಲ. ನೀವು ನಿಂಬೆವ್ವಾಯಿಗೆ ನಮ್ಮ ಮಂದಿ ಅಂತೀರಿ. ಮಸರತ ಅಕ್ಕ ನಮ್ಮವ್ವಗೆ ನಮ್ಮ ಮಂದಿ ಅಂತಾರೆ. ಅವರು ಆ ಮಾತು ಯಾರ ಬಗ್ಗೆ ಅಂದರು? ಮುಂಚೆ ಏನಂದರು? ಮೊಬೈಲ್ ಹಿಡಿದವರು ನೀವು. ನಿಮಗೆ ಗೊತ್ತಿರಬೇಕು.

ಅದೇ ವೀಡಿಯೋದಲ್ಲಿ ಕಲ್ಯಾಣಣ್ಣ ನನ್ನ ಕಾಗದ ಓದಿದರು. ಒಂದು ಬೆಡ್ಡಿಗೆ ಇಬ್ಬರು, ತೊಳೆದ ಗ್ಲೌಸ್, ಸಿಸ್ಟರ್‌ಗಳ ಬೈಗುಳ. "ಒಬ್ಬ ನರ್ಸಿಂಗ್ ಮಗಳೇ ಬರದಾಳ, ಎಲ್ಲಾ ಸಿಸ್ಟರ್‌ಗಳೂ ಹಿಂಗೇ" ಅಂದರು. ಮಸರತ ಅಕ್ಕನ ಸಾಲು ಬರೋಕೆ ಮುಂಚೆ ನಿಲ್ಲಿಸಿದರು. ಇವತ್ತು ಪ್ರಿನ್ಸಿಪಾಲ್ ಮೇಡಂ ಕರೆಸಿದ್ದರು. "ಪೊಲಿಟಿಕಲ್ ಪಾರ್ಟಿಗೆ ರಿಪೋರ್ಟ್ ಬರೆಯೋಕೆ ಸೀಟು ಕೊಟ್ಟಿದೀವಾ ನಿನಗೆ?" ಅಂದರು. ಕಾಲೇಜಿಂದ ತೆಗೆದು ಹಾಕ್ತಾರಾ ಅಪ್ಪಾ?

ದಯವಿಟ್ಟು ಅವರಿಗೆ ಹೇಳಿ ಪೂರ್ತಿ ವೀಡಿಯೋ ಹಾಕಿಸಿ. ಪೂರ್ತಿ ಕಾಗದ ಓದಿಸಿ.

ವಿಜಿ


ಕರಜಗಿ ಅಂಚೆ
೧೫ ಡಿಸೆಂಬರ್

ವಿಜಿ,

ನಿನಗ ಖರೇ ಹೇಳ್ತೇನಿ. ಹೇಳಾಕ ಫೋನಿನಾಗ ಆಗಂಗಿಲ್ಲ, ಮನಿ ತುಂಬ ಮಂದಿ ಇರ್ತಾರ.

ಅವತ್ತ ನಾವು ಮುನ್ಸೂಚನಾ ಕೊಡಲಾರದ ಹೋಗಿದ್ವಿ. ಎರಡು ಜೀಪು. ಸಬ್ ಸೆಂಟರಿನ ಒಳಗ ನಿಂಬೆವ್ವನ ಸೊಸಿ ವಿದ್ಯಾವತಿ ಇದ್ಲು, ಹೆರಿಗಿ ಬ್ಯಾನಿ ಜೋರಾಗಿತ್ತು. ಕಲ್ಯಾಣಣ್ಣ ಹೊರಗಿಂದ "ಸಿಸ್ಟರ್, ಹಾಜರಿ ತೋರಿಸ್ರಿ, ಔಷಧ ತೋರಿಸ್ರಿ" ಅಂತ ಒದರಿದ. ಮಸರತ ಬಾಗಿಲಿಗಿ ಬಂದು "ಒಳಗ ವಿದ್ಯಾವತಿ ಬ್ಯಾನಿ ತಿನ್ನಾಕತ್ತಾಳ್ರಿ, ಕೂಸಿನ ತಲಿ ಕಾಣಸಾಕತ್ತದ. ಮೊದಲ ನಮ್ಮ ಮಂದಿ, ಆಮ್ಯಾಲ ನೀವು!" ಅಂದು ಬಾಗಿಲು ಹಾಕ್ಕೊಂಡ್ಲು. ಇಷ್ಟೇ ನಡದದ್ದು. ಸ್ವಲ್ಪ ಹೊತ್ತಿಗಿ ಒಳಗ ಕೂಸು ಅತ್ತಿತು. ನಮ್ಮ ಜೀಪಿನವರೇ ಚಪ್ಪಾಳಿ ಹೊಡದ್ರು.

ನನಗ ಆಕಿ ಏನಂದ್ಲು ಅಂತ ಗೊತ್ತು. ಆ ಓಣ್ಯಾಗ ಹುಟ್ಟಿದಂವಗ ಯಾವನಿಗಿ ಗೊತ್ತಾಗಂಗಿಲ್ಲ? ವಿದ್ಯಾವತಿ ಆಕಿ ಮಂದಿ, ನಾವು ಆಳಂದದಿಂದ ಜೀಪು ತಂದವರು.

ಮೂರನೇ ದಿನ ಅವನ ಆಫೀಸಿನ ಹುಡುಗರು ನನಗ ನಾಕು ಸಾಲು ಕೊಟ್ಟರು. ಓದು ಅಂದ್ರು. ವೀಡಿಯೋ ತೋರಿಸಿಲ್ಲ. ನಾ ಯಾವತ್ತೂ ಕೇಳಂವಲ್ಲ, ಕೊಟ್ಟದ್ದು ಓದೋದು ನನ್ನ ಕೆಲಸ. ಓದಿದೆ. ಆಮ್ಯಾಲ ಮೊಬೈಲಿನಾಗ ಬಂದಾಗ ನೋಡಿದೆ.

ಕಲ್ಯಾಣಣ್ಣಗ ಹೇಳಿದೆ, ಇದು ತಪ್ಪಾತು, ಆಕಿ ಹಂಗ ಅಂದಿಲ್ಲ ಅಂತ. ಅಂವ ನಕ್ಕ. "ಧರ್ಮಣ್ಣ, ನೀರಿನ ಮೋಟರ್ ಎಷ್ಟು ಮಂದಿ ನೋಡಿದ್ರು? ಇದು ಎಷ್ಟು ಮಂದಿ ನೋಡಾಕತ್ತಾರ? ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಮುಗೀಲಿ, ನಾನೇ ಖುದ್ದ ಬಂದು ಸಿಸ್ಟರಗ ಶಾಲು ಹೊದಸ್ತೇನಿ" ಅಂದ. ಎಲೆಕ್ಷನ್ ಹತ್ರ ಬಂದದ, ಈಗ ಇದನ್ನ ಎತ್ತಿದ್ರ ಹಳೇ ಕಳ್ಳರಿಗಿ ಲಾಭ ಅಂತಾನ. ಅದೂ ಖರೇ ಅದ ಅಲ್ಲ?

ಯಾರೋ ಆಕಿ ಮ್ಯಾಲ ಅರ್ಜಿ ಕೊಟ್ಟಾರ. ವಿಚಾರಣಿ ಅದ ಅಂತ, ಜನವರಿ ಕಡೀಕ, ಪಂಚಾಯ್ತಿ ಹಾಲಿನಾಗ. ಮೊಬೈಲ್ ಹಿಡಿದಂವ ಅಂತ ನನಗೂ ಕರದಾರ. ತಪ್ಪು ಅಂತ ಬಿದ್ದರ ಆಕೀನ ಇಲ್ಲಿಂದ ಎತ್ತಿ ಎಲ್ಲರೆ ಒಗೀತಾರ. ನಾ ಏನು ಹೇಳಲಿ ಅಂತ ತಿಳೀವಲ್ತು.

ನಿಮ್ಮವ್ವ ನನ್ನ ಕೂಡ ಮಾತು ಬಿಟ್ಟಾಳ. ನಿನ್ನೆ ತಾಟು ಇಡೋ ಮುಂದ ಅಂದ್ಲು, "ಮೊದಲ ನಿಮ್ಮ ಕಲ್ಯಾಣಣ್ಣ ಉಣ್ಣಲಿ, ಆಮ್ಯಾಲ ನೀವು."

ಅಪ್ಪ


ಸಬ್ ಸೆಂಟರ್
೨೮ ಡಿಸೆಂಬರ್

ಹುಚ್ಚೀ ವಿಜೀ,

ನಿನ್ನ ಫೋನ್ ನಾನೇ ಎತ್ತಿಲ್ಲ ಬೇ. ಎತ್ತಿದ್ರ ನೀ ಅಳತೀದಿ, ನಾನೂ ಅಳತೇನಿ, ಇಬ್ಬರ ಡ್ಯೂಟಿನೂ ಕೆಡ್ತದ. ಅದಕ್ಕ ಬರೀಲಾಕತ್ತೇನಿ.

ಕಾಲೇಜಿನಾಗ ನಿನಗ ತ್ರಾಸ ಕೊಡಾಕತ್ತಾರಂತ ನಿಮ್ಮವ್ವ ಹೇಳಿದ್ಲು. ನನ್ನ ಸಲುವಾಗಿ ಯಾರ ಮುಂದೂ ಏನೂ ಹೇಳಬ್ಯಾಡ. ಏನೂ ಬರೀಬ್ಯಾಡ. ಓದು ಅಷ್ಟೇ.

ಇಲ್ಲಿ ಹೆಂಗ ಅದ ಅಂತ ಕೇಳಿದ್ರ, ಮಂದಿ ಕೆಟ್ಟವರಾಗಿಲ್ಲ, ಚೇಷ್ಟಿ ಮಾಡ್ತಾರ. ಚುಚ್ಚುಮದ್ದಿನ ದಿನ ಹೆಣ್ಮಕ್ಕಳು ಹೊರಗ ನಿಂತು, "ಏನ್ರಿ ಸಿಸ್ಟರ್, ನಿಮ್ಮ ಮಂದಿ ಮುಗೀತೇನ್ರಿ, ನಾವು ಒಳಗ ಬರಬಹುದೇನ್ರಿ?" ಅಂತಾರ. ನಗ್ತಾರ. ನಾನೂ ನಗ್ತೇನಿ. ಮೊದಲ ದಿನ ಖರೇನೇ ನಕ್ಕಿದ್ದೆ. ಈಗ ದಿನಾ ಅದೇ. ಕೆಲವರು ಬರೋದೇ ಬಿಟ್ಟಾರ. ನಿಂಬೆವ್ವ ಮೊಮ್ಮಗನ ಚುಚ್ಚುಮದ್ದಿಗಿ ಕರಕೊಂಡು ಬಂದಿಲ್ಲ. ನಾನೇ ಮನಿಗಿ ಹೋದೆ. ಆಕಿ ಮಗ ಮಲ್ಕಪ್ಪ ಬಾಗಿಲದಾಗ ನಿಂತು "ಇವತ್ತ ಬ್ಯಾಡ್ರಿ, ಕಲ್ಯಾಣಣ್ಣನ ಹುಡುಗರು ನೋಡ್ತಾರ" ಅಂದ. ತನ್ನ ಹೆಂಡತಿ ಹೆರಿಗಿ ದಿನ ನನ್ನ ಕಾಲು ಹಿಡಿದಂವ ಅಂವ.

ನಿಮ್ಮಪ್ಪನ ಮ್ಯಾಲ ಸಿಟ್ಟು ಮಾಡಬ್ಯಾಡ. ರಸ್ತಾದಾಗ ನನ್ನ ಕಂಡ್ರ ಆಟೋ ತಿರುಗಿಸಿಕೊಂಡು ಹೋಗ್ತಾರ ಪಾಪ.

ಕೈ ನಡುಗಿದ್ರ ನಡುಗಲಿ. ನಂದು ಒಂದು ವರ್ಷ ನಡುಗಿತ್ತು.

ನಿನ್ನ ಅಕ್ಕ
ಮಸರತ


ಹಾಸ್ಟೆಲ್, ಕಲಬುರಗಿ
೮ ಜನವರಿ

ಅಪ್ಪಾ,

ಕಾಲೇಜಿನ ವಿಷಯ ಮುಗೀತು. ನನ್ನನ್ನ ತೆಗೆದಿಲ್ಲ. ಹೆಂಗೆ ಮುಗೀತು ಅಂತ ಹೇಳಿಬಿಡ್ತೀನಿ, ಆಮೇಲೆ ಯಾರೋ ಬೇರೆಯವರು ನಿಮಗೆ ಹೇಳೋದು ಬೇಡ.

ಅವರು ಮೊದಲೇ ಟೈಪ್ ಮಾಡಿ ಇಟ್ಟಿದ್ದರು. "ನಾನು ನನ್ನ ತಂದೆಗೆ ಬರೆದ ಪತ್ರದಲ್ಲಿರುವುದೆಲ್ಲ ಸುಳ್ಳು. ಬಾಲಿಶತನದಿಂದ ಕಲ್ಪಿಸಿ ಬರೆದದ್ದು. ಕ್ಷಮೆ ಕೋರುತ್ತೇನೆ." ಮೇಡಂ ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಟ್ಟರು. ಹಿಂದೆ ಇಬ್ಬರು ಲೆಕ್ಚರರ್ ನಿಂತಿದ್ದರು. ನಾನು "ಎಲ್ಲ ಸುಳ್ಳಲ್ಲ ಮೇಡಂ" ಅಂದೆ ಅಂತ ಅನ್ನಿಸುತ್ತೆ. ಅಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ಈಗ ಗೊತ್ತಾಗ್ತಿಲ್ಲ. ಸೈನ್ ಮಾಡಿದೆ. ಫೈಲಿನಲ್ಲಿ ಇರುತ್ತೆ ಅಷ್ಟೇ, ಯಾರೂ ನೋಡಲ್ಲ ಅಂದರು. ಆ ದಿನ ರೂಮಿಗೆ ಬಂದು ಮಲಗಿದವಳು ಊಟಕ್ಕೂ ಏಳಲಿಲ್ಲ. ಆದರೆ ಎದೆ ಡಬಡಬ ನಿಂತಿದೆ. ನಾಚಿಕೆ ಆಗುತ್ತೆ ಹೇಳೋಕೆ.

ಇನ್ನು ನಿಮ್ಮ ವಿಷಯ. ವಿಚಾರಣೆಯಲ್ಲಿ ನೀವು ಹೇಳಲೇಬೇಕು. ವಿದ್ಯಾವತಿ ಒಳಗಿದ್ದಳು, ಆ ಮಾತು ಅವಳ ಬಗ್ಗೆ, ಅಷ್ಟೇ ಹೇಳಿ. ಒಂದು ನಿಮಿಷದ ಮಾತು. ನೀವು "ಹಳೇ ಕಳ್ಳರಿಗೆ ಲಾಭ" ಅಂತ ಬರೆದಿರಿ. ಹೊಸಬರಿಗೆ ಲಾಭ ಆದರೆ ಪರವಾಗಿಲ್ವಾ? ಹಳಬರು ನಿಮ್ಮ ಬಾಯಲ್ಲಿ ಇಲ್ಲದ ಸೇತುವೆ ಹೇಳಿಸಿದರು. ಅದರಿಂದ ಯಾರ ಕೆಲಸವೂ ಹೋಗಲಿಲ್ಲ. ಇವರು ಇರೋ ಮನುಷ್ಯಳನ್ನೇ ಇಲ್ಲ ಅನ್ನಿಸ್ತಿದಾರೆ.

ನಾನು ಚಿಕ್ಕವಳು, ಹೆದರಿದೆ. ನೀವು ಹೆದರಬಾರದು. ನೀವು ಹೇಳದಿದ್ದರೆ ನಾನು ಊರಿಗೆ ಬರಲ್ಲ ಅಪ್ಪಾ. ಸಿಟ್ಟಿನಲ್ಲಿ ಬರೀತಿಲ್ಲ, ಯೋಚನೆ ಮಾಡೇ ಬರೀತಿದೀನಿ.

ವಿಜಿ


ಕರಜಗಿ ಅಂಚೆ
೩೦ ಜನವರಿ

ವಿಜಿ ಅವ್ವಾ,

ಹೇಳಿದೆ.

ವಿಚಾರಣಿ ಸಾಹೇಬರು ಬಂದು ಕೂತ ಮ್ಯಾಲ ಮೊದಲ ವಿದ್ಯಾವತೀನ ಕೇಳಿದ್ರು. ಆಕಿ ಕೂಸಿನ ಮಾರಿ ನೋಡಕೋತ "ಬ್ಯಾನ್ಯಾಗ ಇದ್ದೆರಿ, ಏನೂ ಕೇಳಿಸಿಲ್ಲ" ಅಂದ್ಲು. ಬಾಜೂಕ ಗಂಡ ಮಲ್ಕಪ್ಪ ನಿಂತಿದ್ದ. ಅವಗ ಈಗ ಕಲ್ಯಾಣಕುಮಾರನ ಜೀಪು ಹೊಡಿಯೋ ಕೆಲಸ. ನಿಂಬೆವ್ವ ನೆಲ ನೋಡಿದ್ಲು.

ಆಮ್ಯಾಲ ನಾನು. ಎದ್ದು ನಿಂತು ನಡದದ್ದು ನಡದಂಗ ಹೇಳಿದೆ. "ನಮ್ಮ ಮಂದಿ ಅಂದದ್ದು ವಿದ್ಯಾವತಿಗಿ" ಅಂದೆ. ಸಾಹೇಬರು ಮೊಬೈಲಿನಾಗ ಆ ವೀಡಿಯೋ ಹಚ್ಚಿದ್ರು. ನನ್ನ ದನಿ ಬಂತು. "ಇದು ನಿಮ್ಮದೇ ಏನ್ರಿ?" "ಹೌದ್ರಿ." "ಹಂಗಾದ್ರ ಅವತ್ತಿನದು ಖರೇನೋ, ಇವತ್ತಿನದು ಖರೇನೋ?" ನಾ ಉತ್ತರ ಹೇಳೋದ್ರಾಗ ಹಿಂದಿಂದ ಯಾವನೋ ಒದರಿದ, "ಇವತ್ತಿನ ಮೈಕ್ ಬಾಡಿಗಿ ಯಾರದೋ ಧರ್ಮಣ್ಣಾ?" ಹಾಲಿನಾಗಿನ ಮಂದಿ ಎಲ್ಲಾ ನಕ್ಕರು. ನಿಂಬೆವ್ವನೂ ಸೆರಗು ಅಡ್ಡ ಹಿಡಕೊಂಡು ನಕ್ಕಳು.

ನಾ ಬಿಡಲಿಲ್ಲ. ನಿನ್ನ ಮೊದಲನೇ ಕಾಗದ ಕಿಸೆದಾಗ ಇತ್ತು. ಅದರದೇ ಅರ್ಧ ಅವರು ಅರ್ಜಿಗಿ ಹಚ್ಚಿದ್ರು. ಉಳದ ಅರ್ಧ ಸಾಹೇಬರ ಮುಂದ ನಾನೇ ಓದಿದೆ. ಮಸರತ ಅಕ್ಕನ ಹಂಗ ಆಗಬೇಕು ಅಂತ ನೀ ಬರದದ್ದು. ಸಾಹೇಬರು ಪೆನ್ನು ತಗೊಂಡ್ರು. ಗೆದ್ದೆ ಅನ್ನಿಸ್ತು.

ಆಗ ಕಲ್ಯಾಣಕುಮಾರ ಎದ್ದು ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟ. ಸಿಟ್ಟಿಲ್ಲ ಏನಿಲ್ಲ. "ಛಲೋ ಓದಿದಿ ಧರ್ಮಣ್ಣ. ಇದೂ ಒಂದು ಓದು" ಅಂತ ಮೊಬೈಲ್ ಕೈಗಿ ಕೊಟ್ಟ. ನಿನ್ನ ಕಾಲೇಜಿನವರು ತಮ್ಮ ಹೆಸರು ಉಳಸಿಕೊಳ್ಳಾಕ ನಿನ್ನ ಕ್ಷಮಾಪಣಿ ತಮ್ಮ ಪೇಜಿಗಿ ಹಾಕ್ಯಾರ. ಕೆಳಗ ನಿನ್ನ ಸೈನು. ಮೊದಲನೇ ಸಾಲಿನಾಗೇ ನನಗ ತಿಳೀತು, ಆದ್ರ ಬಾಯಿ ನಿಲ್ಲಲಿಲ್ಲ ವಿಜಿ. ಕೊಟ್ಟದ್ದು ಓದಿ ಓದಿ ಅಭ್ಯಾಸ ಬಿದ್ದದ. "ಪತ್ರದಲ್ಲಿರುವುದೆಲ್ಲ ಸುಳ್ಳು" ಅಂತ ಗಟ್ಟಿಗೇ ಓದಿದೆ. ಪೂರಾ ಓದಿದೆ.

ಸಾಹೇಬರು ಕನ್ನಡಕ ತಗದು ಇಟ್ಟರು. "ಮಗಳು ಸುಳ್ಳು ಅಂತಾಳ, ಅಪ್ಪ ಖರೇ ಅಂತಾನ. ನಾ ಏನಂತ ಬರಕೊಳ್ಳಲಿ?"

ಮಸರತ ಒಂದೇ ಮಾತು ಅಂದ್ಲು. "ಸಾಕ್ರಿ ಸಾಹೇಬರ. ಎಲ್ಲಿ ಹಾಕ್ತೀರೋ ಹಾಕ್ರಿ."

ಜೇವರ್ಗಿ ಕಡೆ ಒಂದು ಹಳ್ಳಿಗಿ ಹಾಕ್ಯಾರ. ನಿನ್ನೆ ಟೆಂಪೋದಾಗ ಸಾಮಾನು ಹೋದವು. ನಿಮ್ಮವ್ವ ರೊಟ್ಟಿ ಕಟ್ಟಿ ಕೊಟ್ಟಳು. ನಾ ಆಟೋ ತಗೊಂಡು ಟೆಂಪೋ ಬರಲಾರದ ಆಳಂದ ರೋಡಿಗಿ ಹೋಗಿ ಕೂತಿದ್ದೆ.

ನೀ ಮುಂಜಾನಿ ಉಣ್ಣಾಕತ್ತೀದೋ ಇಲ್ಲೋ?

ಅಪ್ಪ


ಕರಜಗಿ ಅಂಚೆ
೨ ಮಾರ್ಚ್

ವಿಜಿ,

ವಿಚಾರಣಿ ಆದ ಮ್ಯಾಲ ನಿನ್ನಿಂದ ಕಾಗದ ಇಲ್ಲ. ಫೋನ್ ಮಾಡಿದ್ರ "ಡ್ಯೂಟಿ ಅದ" ಅಂತೀದಿ. ಇರಲಿ.

ಸುದ್ದಿ ಕೇಳಿರಬೇಕು. ಕಲ್ಯಾಣಕುಮಾರ ನಮ್ಮ ಹಳೇ ಪಾರ್ಟಿ ಸೇರಿದ. ಟಿಕೆಟ್ ಅವಗೇ. "ಇಂವ ಯಾರು" ಅಂತ ಕೇಳಿದ್ನಲ್ಲ ಆ ಲೀಡರ, ತಿರುಗಿ ಹಳೇ ಪಾರ್ಟಿಗಿ ಬಂದಾನ, ಅವನೇ ಶಾಲು ಹೊದಸಿದ. ಇಬ್ಬರೂ ತಬ್ಬಿಕೊಂಡ್ರು. ಮಲ್ಕಪ್ಪ ಜೀಪಿನ ಮ್ಯಾಲ ನಿಂತು ಪಟಾಕಿ ಹೊಡದ. "ಇವರಿಗಿ ಕಳ್ಳರು ಅಂತಿದ್ನಲ್ಲೋ ನಿಮ್ಮ ಅಣ್ಣ?" ಅಂತ ಕೇಳಿದೆ. "ಈಗ ಒಳಗ ಹೋಗಿ ಹಿಡೀತಾನಪ್ಪ" ಅಂದ. ನಂಬ್ಯಾನ ಅಂವ. ನನ್ನಂಗೇ.

ನನಗ ಮೈಕಿಗಿ ಕರದಿದ್ರು. ಸೆಟ್ ಬಾಡಿಗಿ ಕೊಟ್ಟೆ, ಗಂಟಲು ಕೆಟ್ಟದ ಅಂತ ಹೇಳಿ ದನಿ ಕೊಡಲಿಲ್ಲ. ಬ್ಯಾರೆ ಹುಡುಗ ಓದಿದ. ಸೇತುವೆ ಇತ್ತು.

ಸಬ್ ಸೆಂಟರಿಗಿ ಕೀಲಿ ಬಿದ್ದದ. ಹೊಸ ಸಿಸ್ಟರ್ ಬಂದಿಲ್ಲ. ವಿದ್ಯಾವತಿ ಕೂಸಿಗಿ ಜ್ವರ ಬಂದು ಒದ್ದಾಡಿ ಕರಜಗಿ ದವಾಖಾನಿಗಿ ಒಯ್ದರು. ಜೀಪು ಪ್ರಚಾರಕ್ಕ ಹೋಗಿತ್ತು, ಬೈಕಿನ ಮ್ಯಾಲ ಒಯ್ದರು. ಉಳೀತು. ಆದ್ರ ಈಗ ಕೂಸು ಒಂದು ಕಡೆ ಮಾರಿ ತಿರುವಂಗಿಲ್ಲ, ಆ ಕಡೆಯಿಂದ ಕರದ್ರ ಸೈತ ನೋಡಂಗಿಲ್ಲ. ನಿಂಬೆವ್ವ ನಮ್ಮ ಕಟ್ಟಿಗಿ ಬಂದು ಕುಂತು "ಸಿಸ್ಟರ್ ಯಾವಾಗ ಬರ್ತಾಳೋ ಧರ್ಮಣ್ಣಾ?" ಅಂತಾಳ. ನನಗ ಕೇಳ್ತಾಳ.

ಮುಂದಿನ ಐತವಾರ ವೋಟ್. ನಿಂದು ಮೊದಲನೇದು. ಬರ್ತೀಯೇನ? ಯಾರಿಗಿ ಹಾಕು ಅಂತ ಹೇಳಂಗಿಲ್ಲ. ಊರೂರಿಗಿ ಹೇಳಿದಂವ ನಾ, ಮಗಳಿಗಿ ಹೇಳಾಕ ಏನೂ ಉಳದಿಲ್ಲ.

ಅಪ್ಪ


ಹಾಸ್ಟೆಲ್, ಕಲಬುರಗಿ
ಐತವಾರ, ೮ ಮಾರ್ಚ್

ಅಪ್ಪಾ,

ವೋಟಿಗೆ ಅಂತಲೇ ರಜೆ ತಗೊಂಡು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಅಫಜಲಪುರ ಬಸ್ ನಿಂತಿತ್ತು, ಸೀಟೂ ಇತ್ತು. ಹತ್ತೋಕೆ ಆಗಲಿಲ್ಲ. ಜೇವರ್ಗಿ ಬಸ್ ಹತ್ತಿದೆ. ನೀವು ದಾರಿ ಕಾಯ್ತಿದ್ದಿರೇನೋ. ಸಾರಿ ಅಪ್ಪಾ.

ಕಾಗದ ಯಾಕೆ ಬರೀಲಿಲ್ಲ ಅಂದರೆ, ನಿಮಗೆ ಹೆದರಬೇಡಿ ಅಂತ ಬುದ್ಧಿ ಹೇಳಿದ ಕೈಯಿಂದಲೇ ಅದನ್ನ ಸೈನ್ ಮಾಡಿದ್ದೆ. ಪೆನ್ ಹಿಡಿದರೆ ಅದೇ ಕಣ್ಣ ಮುಂದೆ ಬರುತ್ತೆ.

ಜೇವರ್ಗಿಯಿಂದ ಟಂಟಂ ಆಟೋ ಹಿಡಿದು ಆ ಹಳ್ಳಿಗೆ ಹೋದೆ. ಅಲ್ಲೂ ಇವತ್ತೇ ವೋಟು. ಮಸರತ ಅಕ್ಕಗೆ ಬೂತಿನ ಡ್ಯೂಟಿ ಹಾಕಿದ್ದರು. ಶಾಲೆಯ ಜಗಲಿಯಲ್ಲಿ ಒಂದು ಟೇಬಲ್, ಮೇಲೆ ಓಆರ್‌ಎಸ್ ಪಾಕೀಟು, ಬ್ಯಾಂಡೇಜು, ನೀರಿನ ಕೊಡ. ಬಿಸಿಲಲ್ಲಿ ವೋಟಿಗೆ ಪಾಳಿ ಹಚ್ಚಿದವರು ಯಾರಾದರೂ ತಲೆ ಸುತ್ತಿ ಬಿದ್ದರೆ ನೋಡಿಕೊಳ್ಳೋಕೆ. ನನ್ನನ್ನ ಕಂಡ ಕೂಡಲೇ ಎದ್ದು ನಿಂತರು. "ಬರ್ರಿ, ಬರ್ರಿ. ಕೂಡ್ರಿ" ಅಂತ ತಮ್ಮ ಖುರ್ಚಿ ಬಿಟ್ಟು ಕೊಟ್ಟರು. ನನ್ನ ಹಿಂದೆ ಯಾರೋ ದೊಡ್ಡವರು ಬಂದಿರಬೇಕು ಅಂತ ತಿರುಗಿ ನೋಡಿದೆ.

"ಅಕ್ಕಾ, ನಾನು ಅದನ್ನ ಸೈನ್ ಮಾಡಬಾರದಿತ್ತು" ಅಂದೆ. ದಾರಿಯುದ್ದಕ್ಕೂ ಎಷ್ಟೋ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಅಷ್ಟೇ.

"ಆಗಲಿ ಬಿಡ್ರಿ. ಓದಾಕತ್ತೀರಲ್ಲ, ಅದು ಮುಖ್ಯ."

"ನನಗ್ಯಾಕೆ 'ರಿ' ಹಚ್ಚಿ ಮಾತಾಡ್ತೀರಿ?"

"ಇಲ್ಲಿ ಎಲ್ಲಾರಿಗೂ ಹಂಗೇ ಮಾತಾಡ್ತೇನ್ರಿ. ಹಣ್ಣ ಮುದುಕಿಗೂ ರಿ, ತೊಡಿ ಮ್ಯಾಲಿನ ಕೂಸಿಗೂ ರಿ. ಯಾರೂ ಏನೂ ಅನ್ನಂಗಿಲ್ಲ." ಸಿಟ್ಟು ಇರಲಿಲ್ಲ ಅಪ್ಪಾ. ಇದ್ದಿದ್ದರೆ ಚೆನ್ನಾಗಿತ್ತು.

ಪಾಳಿಯಲ್ಲಿ ಒಬ್ಬ ಮುದುಕಿ ಕುಸಿದು ಕೂತಳು. ಅಕ್ಕ ನೀರು ಒಯ್ದರು. "ಕುಡೀರಿ, ಸಾವಕಾಶ ಕುಡೀರಿ" ಅಂತ ಹಣೆ ಮುಟ್ಟಿ ನೋಡಿದರು. ಮುದುಕಿ ಅವರ ಗಲ್ಲ ಸವರಿ "ಯಾವೂರ ಮಗಳು ಬೇ ನೀನು?" ಅಂದಳು. ಅಕ್ಕ ಲೋಟ ವಾಪಸ್ ತಗೊಂಡು "ಇಲ್ಲೇ ಡ್ಯೂಟಿರಿ" ಅಂದರು.

"ನೀವು ವೋಟ್ ಹಾಕಿದಿರಾ ಅಕ್ಕಾ?" ಅಂತ ಕೇಳಿದೆ. "ನನ್ನ ವೋಟು ನಿಮ್ಮೂರಾಗೇ ಉಳದದ್ರಿ" ಅಂದರು. ನಿಮ್ಮೂರು ಅಂದರು. ನಿಮ್ಮ ಬಗ್ಗೆ ಕೇಳಲಿಲ್ಲ ಅಪ್ಪಾ. ನೀವು ವಿಚಾರಣೆಯಲ್ಲಿ ಎದ್ದು ನಿಂತು ಹೇಳಿದ್ದನ್ನ ನಾನೇ ಎತ್ತಿದೆ. ತಲೆ ಆಡಿಸಿ ಬ್ಯಾಂಡೇಜು ಎಣಿಸೋಕೆ ಹತ್ತಿದರು.

ನನ್ನ ವೋಟೂ ಅಲ್ಲೇ ಉಳೀತು. ನೀವು ಹಾಕಿದಿರೋ ಇಲ್ಲವೋ, ಹೇಳಬೇಡಿ.

ಸಂಜೆ ಟಂಟಂ ಬಂದಾಗ ಅಕ್ಕ ರೋಡಿನ ತನಕ ಬಂದರು. ಒಂದು ಬಿಸ್ಕೀಟ್ ಪಾಕೀಟು ಕೈಯಲ್ಲಿ ಇಟ್ಟರು. ಗಾಡಿ ಹೊರಟಾಗ ನನ್ನ ದುಪಟ್ಟಾ ಚಕ್ರಕ್ಕೆ ಸಿಗದ ಹಾಗೆ ಒಳಗೆ ತಳ್ಳಿ, "ಹುಷಾರಾಗಿ ಹೋಗ್ರಿ" ಅಂದರು.

ನನಗೆ ಅಪ್ಪಾ. ನನಗೆ "ಹೋಗ್ರಿ" ಅಂದರು.

ವಿಜಯಶ್ರೀ